ಓದದೇ ಉಳಿದ ಪ್ರಬಂಧಕ್ಕೆ ವಂದನಾರ್ಪಣೆ

ಜ್ಞಾನವೆಂಬುದು ಮಹಾಸಾಗರ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಕಡೆ ಸಾಗರವಿಲ್ಲ. ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ, ಅವಳೂ ಬೇಸಿಗೆಯಲ್ಲಿ ಮೊಣಕಾಲುದ್ದ. ನಾವು ಅಷ್ಟರಲ್ಲೇ ಸುಧಾರಿಸಿಕೊಂಡೆವು.

ಇದನ್ನು ಈಗ ಬರೆಯಲು ಕಾರಣ, ದಾವಣಗೆರೆಯ ನಮ್ಮ ಮನೆಯ ಎದುರಿನವರು ಮೊನ್ನೆ ಮಹಡಿ ಕಟ್ಟಿಸಲೆಂದು ಒಂದು ಲಾರಿ ಹೊಳೆ ಮರಳು ತರಿಸಿ ರಸ್ತೆಗೆ ಸುರಿಸಿದ್ದು. ಬೆಳಿಗ್ಗೆ ಹಾಲು ತರಲು ಹೊರಟವನಿಗೆ ಹಸಿ ಮರಳಿನ ವಾಸನೆ ಬಡಿಯಿತು. ಕೆಸರು, ಪಾಚಿ, ಎಲ್ಲೋ ಒಂದಿಷ್ಟು ಮೀನು... ರಾಶಿಯ ಮಗ್ಗುಲಲ್ಲಿ ಒಂದು ಬಸವನಹುಳುವಿನ ಚಿಪ್ಪು ಬಿದ್ದಿತ್ತು. ಈ ವಯಸ್ಸಿನಲ್ಲಿ ನಾನು ಬಗ್ಗುವುದು ಅಪರೂಪ. ಬಗ್ಗಿದರೆ ಏಳುವುದು ಇನ್ನೂ ಅಪರೂಪ. ಆದರೂ ಬಗ್ಗಿ ಎತ್ತಿಕೊಂಡೆ. ಚಿಪ್ಪು ಖಾಲಿ. ಅದಕ್ಕೆ ಬಾಗಿಲಿರಲಿಲ್ಲ.

ನೀರಿನ ಬಸವನಹುಳುವಿಗೆ ಬಾಗಿಲಿರುತ್ತದೆ ಎಂದು ನನಗೆ ತಿಳಿಸಿದವರು ನಮ್ಮ ಗೋಷ್ಠಿಯ ಕಾರ್ಯದರ್ಶಿಗಳು.

ಅವರು ನಾನಿದ್ದ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಹೊಸತು. ಹೊಳೆಯಾಚೆಯವರೂ ನಮ್ಮವರಾಗಿದ್ದರು. ಆ ಉತ್ಸಾಹದಲ್ಲೋ ಏನೋ, ನಮ್ಮ ಕಾಲೇಜಿನ ಕೆಲವು ಉಪನ್ಯಾಸಕರಿಗೆ ಸಂಶೋಧನೆ ಎಂಬ ವ್ಯಾಧಿ ತಗುಲಿತು. ರಸಾಯನದವರು ಶೇಂಗಾ ಎಣ್ಣೆ ಯಾಕೆ ಕಮಟು ಹಿಡಿಯುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದರು. ಇತಿಹಾಸದವರು, ಲೋಕಿಕೆರೆ ಕಡೆಯವರು, ಕಲ್ಲು ಕಂಡಲ್ಲೆಲ್ಲ ಒದ್ದೆ ಕಾಗದ ಬಡಿದು ಶಾಸನದ ಅಚ್ಚು ತೆಗೆಯುತ್ತಿದ್ದರು. ಗಣಿತದವರು ಅಲುಗಾಡುವ ತಂತಿಯೊಂದರ ಹಿಂದೆ ಬಿದ್ದಿದ್ದರು. ಆ ತಂತಿಯನ್ನು ನಾವು ಯಾರೂ ನೋಡಲಿಲ್ಲ, ಅವರೂ ನೋಡಿದಂತಿರಲಿಲ್ಲ. ನಾನು ಅರ್ಥಶಾಸ್ತ್ರದವನು. ಹತ್ತಿಯ ಧಾರಣೆ ಏಕೆ ಏರುತ್ತದೆ ಎಂದು ಬರೆಯುತ್ತಿದ್ದೆ. ನಾನು ಕಾರಣ ಕಂಡುಹಿಡಿಯುವಷ್ಟರಲ್ಲಿ ಅದು ಇಳಿದಿರುತ್ತಿತ್ತು.

ಒಬ್ಬರದು ಒಬ್ಬರಿಗೆ ತಿಳಿಯದ ಈ ಮಂದಿಯನ್ನು ಕೂಡಿಸಿ ಕಾರ್ಯದರ್ಶಿಗಳು ಒಂದು ಭಾನುವಾರದ ಗೋಷ್ಠಿ ಮಾಡಿದರು. ಗೋಷ್ಠಿಗೆ ಅಧ್ಯಕ್ಷರಿರಲಿಲ್ಲ, ನಿಧಿ ಇರಲಿಲ್ಲ, ನಿಯಮಗಳು ಮಾತ್ರ ಧಾರಾಳವಾಗಿದ್ದವು. ಒಂದೇ ಶಾಸ್ತ್ರದವರು ಇಬ್ಬರಿರಕೂಡದು, ಜಗಳವಾಗುತ್ತದೆ. ಪ್ರಬಂಧವನ್ನು ಕನ್ನಡದಲ್ಲೇ ಓದಬೇಕು. ಬರೆದವರೇ ನಿಂತು ಓದಬೇಕು. ಈ ಕೊನೆಯದನ್ನು ಆಮೇಲೆ ಸೇರಿಸಿದ್ದು. ರಾಣೆಬೆನ್ನೂರಿನ ಒಬ್ಬರು ತಾವು ಬಾರದೆ ಪ್ರಬಂಧವನ್ನಷ್ಟೇ ಟಪಾಲಿನಲ್ಲಿ ಕಳಿಸಿದರು. ಇತಿಹಾಸದವರು ಅದನ್ನು ಗಟ್ಟಿಯಾಗಿ ಓದಿ, ಕೇಳಿದ ಪ್ರಶ್ನೆಗೆಲ್ಲ "ನನಗೇನ್ ಗೊತ್ತ್ರೀ, ಬರೆದಾತನ್ನ ಕೇಳ್ರಿ" ಎಂದರು. ಕಾರ್ಯದರ್ಶಿಗಳಿಗೆ ಅದು ಸರಿಬೀಳಲಿಲ್ಲ. ಮುಂದಿನ ವಾರವೇ ತಾವೇ ತಿದ್ದುಪಡಿ ಮಂಡಿಸಿದರು. ಸರ್ವಾನುಮತದಿಂದ ಅಂಗೀಕಾರವಾಯಿತು.

ಎಲ್ಲಕ್ಕಿಂತ ದೊಡ್ಡ ನಿಯಮ ವಂದನಾರ್ಪಣೆಯದು. ಓದಿದವರ ಶಾಸ್ತ್ರದ ಗಂಧವೇ ಇಲ್ಲದವರೊಬ್ಬರು ಎದ್ದು, ಈಗ ಕೇಳಿದ್ದೇನೆಂಬುದನ್ನು ತಮ್ಮ ಮಾತಿನಲ್ಲಿ ಹೇಳಿ, ಆಮೇಲೆ ವಂದಿಸಬೇಕು. ತಂತಿಯ ಪ್ರಬಂಧಕ್ಕೆ ನಾನು ವಂದಿಸಿದ್ದು ನೆನಪಿದೆ. "ಸನ್ಮಿತ್ರರು ಒಂದು ತಂತಿಯನ್ನು ಮೀಟಿದರು. ಅದು ಯಾವಾಗ ನಿಲ್ಲುತ್ತದೆಂದು ಎಂಟು ಪುಟ ಹೇಳಿದರು. ತಂತಿ ನಿಂತಿತೋ ಇಲ್ಲವೋ, ಅವರು ನಿಂತರು. ಅದಕ್ಕೆ ಕೃತಜ್ಞರಾಗಿದ್ದೇವೆ." ಗಣಿತದವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಗೋಷ್ಠಿ ಸೇರುತ್ತಿದ್ದದ್ದು ಹರಿಹರದಲ್ಲಿ, ಹೊಳೆಯ ದಂಡೆಯ ಒಂದು ಕಲ್ಲುಮಂಟಪದಲ್ಲಿ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಗೆ ಮರಳುವುದು. ಹರಿಹರವೇ ಏಕೆಂದರೆ ಕಾರ್ಯದರ್ಶಿಗಳು ಗಂಭೀರವಾದ ಕಾರಣ ಕೊಡುತ್ತಿದ್ದರು: ಆ ಊರಿನ ದೇವರು ಅರ್ಧ ಹರಿ, ಅರ್ಧ ಹರ, ಎರಡು ಡಿಪಾರ್ಟ್‌ಮೆಂಟುಗಳು ಒಂದೇ ಪೀಠದ ಮೇಲೆ ಇಷ್ಟು ಶತಮಾನ ಜಗಳವಿಲ್ಲದೆ ನಿಂತದ್ದು ಬೇರೆ ಯಾವ ವಿದ್ಯಾಲಯದಲ್ಲೂ ಕಾಣಸಿಗದು. ನಿಜವಾದ ಕಾರಣ, ಅವರ ಬಸವನಹುಳುಗಳು ಅಲ್ಲಿದ್ದವು.

ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದಾಗ ಈ ಹುಳು ಕೆಸರಿನೊಳಗೆ ಇಳಿದು, ಬೆನ್ನ ಹಿಂದಿರುವ ಪುಟ್ಟ ಬಿಲ್ಲೆಯಂಥ ಬಾಗಿಲನ್ನು ಎಳೆದುಕೊಂಡು, ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಕೂತಿರುತ್ತದೆ. ಕೆಸರು ಒಣಗಿ ಇಟ್ಟಿಗೆಯಾದರೂ ಸಾಯುವುದಿಲ್ಲ. ಮಳೆಗಾಲಕ್ಕೆ ಬಾಗಿಲು ತೆರೆಯುತ್ತದೆ. ಇಷ್ಟು ಎಲ್ಲರಿಗೂ ತಿಳಿದದ್ದೇ ಎನ್ನುತ್ತಿದ್ದರು ಅವರು. ತೆರೆಯುವ ಹೊತ್ತು ಬಂತೆಂದು ಒಳಗೆ ಕೂತದ್ದಕ್ಕೆ ಹೇಗೆ ಗೊತ್ತಾಗುತ್ತದೆ? ಅದು ಅವರ ಪ್ರಶ್ನೆ. ಅದಕ್ಕಾಗಿ ಹೊಳೆಯ ಕೆಸರನ್ನು ಹುಳುಗಳ ಸಮೇತ ತಂದು ಮನೆಯಲ್ಲಿ ಮಡಿಕೆಗಳಲ್ಲಿ ಒಣಗಿಸಿ ಇಟ್ಟಿದ್ದರು. ಅಡಿಗೆಮನೆಯ ಹಲಗೆಯ ಮೇಲೆ ಒಂದು ಮಡಿಕೆ ಉಪ್ಪು, ಒಂದು ಮಡಿಕೆ ಹುಣಸೆಹಣ್ಣು, ಉಳಿದದ್ದೆಲ್ಲ ಬಸವನಹುಳು. ಅವರ ಮನೆಯವರು ಒಮ್ಮೆ ನನಗೆ ಹೇಳಿದ್ದರು: "ಮಕ್ಳಿಲ್ದ ಮನಿ ಅಂತ ಊರೋರು ಅಂತಾರಣ್ಣ. ಮಡಿಕಿ ಮುಚ್ಚಳ ತೆಗೆದು ತೋರಿಸ್ಬೇಕು ಅವ್ರಿಗೆ."

ವರ್ಷಗಳ ಮೇಲೆ ಉತ್ತರ ಸಿಕ್ಕಿತು. ಪ್ರಬಂಧವೂ ಬರೆದಾಯಿತು. ಏನು ಉತ್ತರ ಎಂದು ಕೇಳಿದರೆ, "ಓದೋ ದಿನ ಬರ್ರಿ, ಹೇಳ್ತೀನಿ" ಎನ್ನುತ್ತಿದ್ದರು. ಮೈಸೂರಿನಲ್ಲಿದ್ದ ಅವರ ಮಾರ್ಗದರ್ಶಕರು ಆ ಹೊತ್ತಿಗೆ ತೀರಿಕೊಂಡಿದ್ದರು. ಹೊಸಬರಿಗೆ ಮೀನಿನಲ್ಲಿ ಆಸಕ್ತಿ. ಬಸವನಹುಳುವಿನ ಬಾಗಿಲಿನ ಸುದ್ದಿ ಕೇಳಲು ಲೋಕದಲ್ಲಿ ಉಳಿದಿದ್ದವರು ಮಂಟಪದಲ್ಲಿ ಮಂಡಕ್ಕಿ ತಿನ್ನುತ್ತಾ ಕೂತ ನಾವಷ್ಟೇ.

ಓದುವ ದಿನ ಮಾತ್ರ ಬರಲಿಲ್ಲ. ನಮ್ಮ ಕಡೆ ಮನೆಯಲ್ಲಿ ಕಾರ್ಯವಾದರೆ ಬಂದವರೆಲ್ಲ ಉಂಡೆದ್ದ ಮೇಲೆ ಮನೆಯವರು ಕೂಡುವುದು. ಕೊನೆಯ ಪಂಕ್ತಿಗೆ ಸಾರು ನೀರಾಗಿರುತ್ತದೆ, ಹೋಳಿಗೆ ಮುಗಿದಿರುತ್ತದೆ. ಆದರೂ ಯಜಮಾನ ಮೊದಲು ಎಲೆಯ ಮುಂದೆ ಕೂತರೆ ಊರು ಆಡಿಕೊಳ್ಳುತ್ತದೆ. ಕಾರ್ಯದರ್ಶಿಗಳು ಗೋಷ್ಠಿಯನ್ನೂ ಹಾಗೇ ನಡೆಸಿದರು. ಚಿತ್ರದುರ್ಗದಿಂದ ಒಬ್ಬರು, ಶಿವಮೊಗ್ಗದಿಂದ ಒಬ್ಬರು, ಹೊಳೆಯಾಚೆಯಿಂದ ಒಬ್ಬರು, ಯಾರಾದರೂ ಬರುತ್ತಲೇ ಇದ್ದರು. "ಬಂದೋರು ಮೊದ್ಲು ಉಣ್ಲಿ ಬಿಡ್ರಿ, ಮನಿಯೋರು ಆಮ್ಯಾಕೆ" ಎಂದು ಇವರು ತಮ್ಮ ಸರದಿ ಬಿಟ್ಟುಕೊಡುತ್ತಿದ್ದರು. ಬಂದವರು ಉಣ್ಣುವಷ್ಟರಲ್ಲಿ ಗಾಡಿಯ ಹೊತ್ತಾಗುತ್ತಿತ್ತು.

ಆಮೇಲೆ ಅವರ ದನಿ ಒಡೆಯತೊಡಗಿತು. ಪಾಠ ಹೇಳುವವನ ಗಂಟಲು, ಒಡೆಯುವುದು ಸಹಜ ಎಂದುಕೊಂಡೆವು. "ಪ್ರಾಣಿಶಾಸ್ತ್ರದೋರ ಗಂಟಲಾಗೆ ಯಾವ್ದೋ ಹೊಸ ಪ್ರಾಣಿ ಸೇರ್ಕೊಂಡೈತೆ" ಎಂದರು ಇತಿಹಾಸದವರು. ಎಲ್ಲರಿಗಿಂತ ಹೆಚ್ಚು ನಕ್ಕವರು ಕಾರ್ಯದರ್ಶಿಗಳೇ, ನಗು ಕೆಮ್ಮಾಗುವ ತನಕ. ಚಳಿಗಾಲ ಕಳೆಯಿತು, ದನಿ ತಿರುಗಲಿಲ್ಲ. ಕಾಲೇಜಿನಲ್ಲಿ ಪಾಠ ಬಿಡಿಸಿ ಪ್ರಯೋಗಾಲಯ ಕೊಟ್ಟರು. ದಾವಣಗೆರೆಯ ಡಾಕ್ಟರು ಗಂಟಲಿಗೆ ಕನ್ನಡಿ ಇಟ್ಟು ನೋಡಿದರು. ಗೆಡ್ಡೆಯಿದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಎಂದರು. ಕೊಯ್ದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ. ಶಿವರಾತ್ರಿ ಕಳೆದ ಮೇಲಿನ ಮಂಗಳವಾರ ಹೊರಡುವುದೆಂದಾಯಿತು. ನಡುವೆ ಒಂದು ಭಾನುವಾರವಿತ್ತು. ಅವತ್ತು ಓದದಿದ್ದರೆ ಇನ್ನೆಂದೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಅದೇ ಭಾನುವಾರ, ಬಹಳ ದಿನದಿಂದ ಬರುತ್ತೇನೆ ಬರುತ್ತೇನೆ ಎಂದಿದ್ದ ನಿವೃತ್ತ ಪ್ರೊಫೆಸರೊಬ್ಬರು ಬಂದಿಳಿದರು. ಜೋಳದ ತೆನೆಯನ್ನು ಕರಿಪುಡಿ ಮಾಡುವ ಕಾಡಿಗೆ ರೋಗದ ಮೇಲೆ ಜೀವ ತೇಯ್ದವರು. ಸ್ಟೇಷನ್ನಿನಲ್ಲೇ ನಾನು ಕಾರ್ಯದರ್ಶಿಗಳನ್ನು ಪಕ್ಕಕ್ಕೆ ಕರೆದೆ. "ಇವತ್ತು ಮೊದಲು ನೀವು ಓದ್ರಿ. ಪ್ರೊಫೆಸರಿಗೆ ನಾನು ಹೇಳ್ತೀನಿ."

ದನಿ ಉಸಿರಿನಷ್ಟೇ ಉಳಿದಿತ್ತು. "ಬ್ಯಾಡ. ಮುದುಕರು, ಅಷ್ಟು ದೂರದಿಂದ ಬಂದಾರೆ."

"ಅವರು ಮುಂದಿನ ವಾರಾನೂ ಬರಬಹುದಲ್ರೀ."

"ಬಂದೋರ್ನ ಕಾಯಿಸಿ ಮನಿಯೋನು ಉಂಡ ಅಂತ ಆಗೋದು ಬ್ಯಾಡ ಮಾರಾಯ್ರೆ." ಇನ್ನೂ ಏನೋ ಹೇಳಹೋಗಿ ಕೈ ಆಡಿಸಿದರು. ಮುಂದಕ್ಕೆ ನಡೆದರು.

ಪ್ರೊಫೆಸರು ಕಾಡಿಗೆ ರೋಗವನ್ನು ಬೇರಿನಿಂದ ಹಿಡಿದು ತೆನೆಯ ತನಕ ವಿವರಿಸಿದರು. ಒಳ್ಳೆಯ ಪ್ರಬಂಧವೇ. ಬಿಸಿಲು ಮಂಟಪದ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ರಸಾಯನದವರು ಎರಡು ಸಲ ಗಟ್ಟಿಯಾಗಿ ಆಕಳಿಸಿ ಸುಳಿವು ಕೊಟ್ಟರು. ಮುದುಕರು ಅದನ್ನು ಸೆಖೆ ಎಂದುಕೊಂಡು, ಪಾಪ, ತಮ್ಮ ಬೀಸಣಿಗೆಯನ್ನೇ ಅವರಿಗೆ ಕೊಟ್ಟು ಮುಂದುವರಿಸಿದರು. ಮುಗಿದಾಗ ಗಾಡಿಗೆ ಸ್ವಲ್ಪವೇ ಹೊತ್ತಿತ್ತು.

ಕಾರ್ಯದರ್ಶಿಗಳು ಎದ್ದರು. ಚೀಲದಿಂದ ಕಾಗದ ತೆಗೆದರು. ಒಂದು ವಾಕ್ಯ ಕೇಳಿಸಿತು: "ನೀರು ಹೋದಾಗ ಬಾಗಿಲು ಹಾಕಿಕೊಳ್ಳುವುದು ಕಷ್ಟವಲ್ಲ." ಎರಡನೆಯದಕ್ಕೆ ತುಟಿ ಆಡಿತು, ದನಿ ಬರಲಿಲ್ಲ. ನೀರು ಕುಡಿದರು. ಮತ್ತೆ ತುಟಿ ಆಡಿತು...

ಇತಿಹಾಸದವರು ಎದ್ದು ಕೈ ಚಾಚಿದರು. "ಇತ್ಲಾಗೆ ಕೊಡ್ರಿ, ನಾನು ಓದ್ತೀನಿ."

ಕಾರ್ಯದರ್ಶಿಗಳು ತಲೆಯಾಡಿಸಿದರು.

"ನಿಯಮ ಹಾಳಾಗಿ ಹೋಗ್ಲಿ ಅತ್ಲಾಗೆ. ಮಾಡಿದೋರು ನಾವೇ ಅಲ್ಲೇನ್ರಿ?"

ಅವರು ನಕ್ಕರು. ಕೈಯನ್ನು ತಮ್ಮ ಎದೆಗೆ ಮುಟ್ಟಿಸಿ ತೋರಿದರು: ಮಾಡಿದವನು ನಾನು. ಕಾಗದ ಮಡಚಿ ಚೀಲದಲ್ಲಿಟ್ಟು, ಪ್ರೊಫೆಸರ ಛತ್ರಿಯನ್ನು ತಾವೇ ಹಿಡಿದು ಸ್ಟೇಷನ್ನಿನ ದಾರಿ ಹಿಡಿದರು. ಗಾಡಿಯಲ್ಲಿ ನನ್ನ ಎದುರಿಗೆ ಕೂತಿದ್ದರು. ದಾವಣಗೆರೆ ಬರುವ ತನಕ ಕಿಟಕಿಯಾಚೆ ಕೊಯ್ದ ಹೊಲಗಳನ್ನು ನೋಡುತ್ತಿದ್ದರು.

ಯುಗಾದಿಗೆ ಮೊದಲೇ ಸುದ್ದಿ ಬಂತು. ಕೊಯ್ದ ಗಾಯ ಮಾಯಲಿಲ್ಲವಂತೆ.

ಅವರ ಮನೆಯವರು ಊರಿಗೆ ಮರಳಿದ ಮೇಲೆ ಹೋಗಿ ಕಂಡೆವು. ಪ್ರಬಂಧದ ಮಾತನ್ನು ಯಾರು ಎತ್ತುವುದೆಂದು ನಾವು ಮುಖ ಮುಖ ನೋಡುತ್ತಿರುವಾಗ ಆ ತಾಯಿಯೇ ಎತ್ತಿದರು. "ಹೋಗೋವಾಗ ಚೀಲದಾಗೆ ಇಟ್ಕೊಂಡಿದ್ರು. ಡಾಕ್ಟ್ರಿಗೆ ತೋರಿಸ್ತೀನಿ, ಅವ್ರೂ ಓದಿದೋರು ಅಂತ ಬರೆದು ತೋರಿಸಿದ್ರು. ಆ ಗದ್ದಲದಾಗೆ ಚೀಲ ಎಲ್ಲಿ ಹೋತೋ ಗೊತ್ತಾಗ್ಲಿಲ್ಲಣ್ಣ." ಆಮೇಲೆ ಅಡಿಗೆಮನೆಯ ಕಡೆ ನೋಡಿದರು. "ಈ ಮಡಿಕಿ ಏನ್ ಮಾಡ್ಲಿ? ಜೀವ ಅದಾವೆ ಅವ್ಕೆ."

ಮುಂದಿನ ಭಾನುವಾರ ಮಡಿಕೆಗಳನ್ನು ಹೊತ್ತುಕೊಂಡು ನಾವು ನಾಲ್ವರು ಹರಿಹರಕ್ಕೆ ಹೋದೆವು. ಪ್ಯಾಸೆಂಜರ್ ಗಾಡಿಯಲ್ಲಿ ಒಬ್ಬಾಕೆ ಮಡಿಕೆಯಲ್ಲಿ ಏನೆಂದು ಕೇಳಿದಳು. "ಪ್ರಾಣಿಶಾಸ್ತ್ರ ಕಣವ್ವ" ಎಂದರು ಇತಿಹಾಸದವರು. ಅವರ ಕಣ್ಣು ಕೆಂಪಾಗಿತ್ತು.

ಮಂಟಪದಲ್ಲಿ ಪ್ರಬಂಧವಿರಲಿಲ್ಲ. ಕಾರ್ಯದರ್ಶಿಗಳ ಪ್ರಬಂಧಕ್ಕೆ ವಂದಿಸುವ ಸರದಿ ನನ್ನದೆಂದು ಹಿಂದೆಯೇ ಗೊತ್ತಾಗಿತ್ತು. ಓದು ನಡೆಯದಿದ್ದರೆ ವಂದನೆ ಬೇಡವೆಂಬ ನಿಯಮ ನಮ್ಮಲ್ಲಿರಲಿಲ್ಲ. ಎದ್ದು ನಿಂತೆ. ನಾವು ಕೇಳಿದ್ದ ಒಂದೇ ವಾಕ್ಯವನ್ನು ಹೇಳಿದೆ. ಹೊಳೆದಂಡೆಯ ಸುಣ್ಣದ ಗೂಡಿನವರು ಈ ಚಿಪ್ಪನ್ನು ಸುಟ್ಟು ಮಾರುತ್ತಾರೆಂದು ಅವರು ನನಗೊಮ್ಮೆ ತೋರಿಸಿದ್ದು ನೆನಪಾಗಿ, ಅದನ್ನು ಹೇಳಿದೆ. ಕೂತಲ್ಲಿಂದಲೇ ಗಣಿತದವರು, ಚಿಪ್ಪಿನ ಸುರುಳಿ ಎಷ್ಟು ಬೆಳೆದರೂ ಆಕಾರ ಕೆಡುವುದಿಲ್ಲ, ಅದರ ಲೆಕ್ಕ ಹಾಕಿ ಕೊಡಿ ಎಂದು ಕಾರ್ಯದರ್ಶಿಗಳು ತಮ್ಮನ್ನು ಕೇಳಿದ್ದರೆಂದರು. ಬಾಗಿಲು ಏತರದ್ದೆಂದು ರಸಾಯನದವರ ಹತ್ತಿರ ಪರೀಕ್ಷೆ ಮಾಡಿಸಿದ್ದರಂತೆ. ಹಳೆಯ ಗೋಡೆಯ ಗಾರೆಯಲ್ಲಿ ಚಿಪ್ಪಿನ ಚೂರಿದ್ದರೆ ಹೇಳಿ ಎಂದು ಇತಿಹಾಸದವರಿಗೆ ದುಂಬಾಲು ಬಿದ್ದಿದ್ದರಂತೆ. ಪ್ರತಿಯೊಬ್ಬರ ಹತ್ತಿರ ಅವರವರ ಶಾಸ್ತ್ರದ ಮಾತಿನಲ್ಲಿ ಅದೇ ಹುಳುವಿನ ಬಗ್ಗೆ ಮಾತಾಡಿದ್ದರು. ಅದೆಲ್ಲ ಕೂಡಿದರೆ ಹುಳುವಿಗೆ ಸಂಬಂಧಪಟ್ಟದ್ದು ಬಹುಮಟ್ಟಿಗೆ ಸಿಕ್ಕಿತು. ಬಾಗಿಲು ತೆರೆಯುವ ಹೊತ್ತು ಅದಕ್ಕೆ ಹೇಗೆ ತಿಳಿಯುತ್ತದೆ ಎಂಬುದು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ವಂದಿಸಿ ಕೂತೆ.

ಆಮೇಲೆ ನೀರಿನ ಅಂಚಿಗೆ ಹೋಗಿ ಮಡಿಕೆ ಒಡೆದು, ಒಣಕೆಸರಿನ ಹೆಂಟೆಗಳನ್ನು ನೀರಿಗಿಟ್ಟೆವು. ಹೆಂಟೆ ನೆನೆದು ಕರಗಿತು. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಒಂದರ ಬಾಗಿಲು ಕೂದಲೆಳೆಯಷ್ಟು ಅಲುಗಿತು. ಆಮೇಲೆ ಇನ್ನೊಂದರದು. ಕೆಲವು ತೆರೆದವು, ಕೆಲವು ತೆರೆಯಲಿಲ್ಲ. ಗಾಡಿಯ ಹೊತ್ತಾಗಿತ್ತು, ಬಂದೆವು.

ಗೋಷ್ಠಿ ಮತ್ತೆ ಸೇರಲಿಲ್ಲ. ರಸಾಯನದವರು ಮೈಸೂರಿಗೆ ವರ್ಗವಾಗಿ ಹೋದರು. ಉಳಿದಿಬ್ಬರು ಈಗಿಲ್ಲ. ಆ ಪ್ರಶ್ನೆಗೆ ಬೇರೆ ಎಲ್ಲೋ ಯಾರೋ ಉತ್ತರ ಬರೆದಿರಬಹುದು, ಬರೆದೇ ಇರುತ್ತಾರೆ. ನಾನು ಕಿವಿಯಾರೆ ಕೇಳಬೇಕಾಗಿದ್ದದ್ದು ಅದನ್ನಲ್ಲ, ಅವರು ನಿಂತು ಓದುವುದನ್ನು...

ಮರಳಿನ ರಾಶಿಯಲ್ಲಿ ಸಿಕ್ಕ ಚಿಪ್ಪು ನನ್ನ ಮೇಜಿನ ಮೇಲಿದೆ. ಎದುರು ಮನೆಯವರು ಉಳಿದ ಮರಳನ್ನು ಜರಡಿ ಹಿಡಿದು, ಸಿಮೆಂಟಿಗೆ ಕಲಸಿ, ನಿನ್ನೆ ಮಹಡಿಗೆ ಹಾಕಿದರು.