ಟೋಲ್‌ಗೇಟಿನಲ್ಲಿ ಇಳಿದು ಹತ್ತುವುದು

ಮೇಷ್ಟ್ರಾಗಿದ್ದಷ್ಟು ಕಾಲವೂ ನಾನು ಜೂನ್ ತಿಂಗಳ ಮೊದಲ ವಾರದಲ್ಲಿ ಎಂಟನೆಯ ತರಗತಿಯವರಿಗೆ, ಪಾಠ ಆರಂಭಿಸುವ ಮುನ್ನ, ಸೈಕಲ್ ಸವಾರಿಯ ನಿಯಮಗಳನ್ನು ಬರೆಸುತ್ತಿದ್ದೆ. ಅದು ಪಠ್ಯಕ್ರಮದಲ್ಲಿ ಇರಲಿಲ್ಲ. ಇರಬೇಕಾಗಿತ್ತು. ರಸ್ತೆಯ ಎಡಬದಿಯಲ್ಲೇ ಸಾಗತಕ್ಕದ್ದು. ತಿರುಗುವ ಮೊದಲು ಕೈ ಚಾಚತಕ್ಕದ್ದು. ಬೆಲ್ಲು ಇರುವುದು ಎಚ್ಚರಿಸುವುದಕ್ಕೆ, ಬೈಯುವುದಕ್ಕಲ್ಲ. ತುಳಿಯುವಾಗ ಹಿಂದಕ್ಕೆ ತಿರುಗಿ ನೋಡಕೂಡದು. ಒಂದು ಸೈಕಲ್ಲಿಗೆ ಒಬ್ಬರೇ. ಈ ಕೊನೆಯದನ್ನು ಬರೆಸುವಾಗ ತರಗತಿಯಲ್ಲಿ ನಗು ಏಳುತ್ತಿತ್ತು. ಏಕೆಂದರೆ ಅರ್ಧ ತರಗತಿ ಡಬಲ್ಸ್ ಬಂದಿರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಡಬಲ್ಸ್ ಹೋಗುವವರನ್ನು ಪೊಲೀಸಿನವರು ಹಿಡಿಯುತ್ತಿದ್ದರು, ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಅದಕ್ಕಾಗಿ ನಮ್ಮ ಕಡೆಯ ಜನ ಒಂದು ಪದ್ಧತಿಯನ್ನು ರೂಢಿಸಿಕೊಂಡಿದ್ದರು. ಸರ್ಕಲ್ಲು ಸ್ವಲ್ಪ ದೂರವಿರುವಾಗಲೇ ಕ್ಯಾರಿಯರಿನ ಮೇಲಿದ್ದವನು ಇಳಿಯುವನು. ತುಳಿಯುವವನು ಒಬ್ಬನೇ, ಪರಮ ಸಜ್ಜನನಂತೆ, ಪೊಲೀಸಿನವರ ಮುಂದೆ ಹಾದುಹೋಗುವನು. ಇಳಿದವನು ಅವನಿಗೂ ತನಗೂ ಪರಿಚಯವೇ ಇಲ್ಲವೆಂಬಂತೆ ನಡೆದು ಬಂದು, ಆಚೆ ಬದಿಯಲ್ಲಿ ನಾಲ್ಕು ಹೆಜ್ಜೆ ಓಡಿ ಮತ್ತೆ ಹತ್ತುವನು. ಪೊಲೀಸಿನವರಿಗೆ ಇದು ತಿಳಿದಿರಲಿಲ್ಲವೆಂದಲ್ಲ. ಅವರ ವ್ಯಾಪ್ತಿ ಸರ್ಕಲ್ಲಿಗೇ ಮುಗಿಯುತ್ತಿತ್ತು. ನಾನು ಇದನ್ನು ತರಗತಿಯಲ್ಲಿ ಕಟುವಾಗಿ ಖಂಡಿಸುತ್ತಿದ್ದೆ.

ಆಗ ನಮ್ಮ ಮನೆ ವಿಜಯನಗರದಲ್ಲಿ, ಆರ್‌ಪಿಸಿ ಲೇಔಟಿಗೆ ಅಂಟಿಕೊಂಡಂತೆ ಇತ್ತು. ನನ್ನ ಪತ್ನಿ ಸೀನಿಯರ್ ಟೈಪಿಂಗ್ ಪರೀಕ್ಷೆಗೆ ಕಟ್ಟಿದ್ದಳು. ಹಿಂದಿನ ಸಲ ಮಗುವಿಗೆ ದಡಾರ ಬಂದು ಪರೀಕ್ಷೆ ತಪ್ಪಿಹೋಗಿತ್ತು. ಈ ಸಲ ಪಾಸಾದರೆ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ ಸಿಗುವುದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ತಪ್ಪಿದರೆ ಆ ಜಾಗ ಮತ್ತೊಬ್ಬರ ಪಾಲಾಗುತ್ತಿತ್ತು. ಪರೀಕ್ಷೆ ರಾಜಾಜಿನಗರದ ಒಂದು ಕೇಂದ್ರದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತರ ಮೇಲೆ ಗೇಟು ತೆರೆಯುವುದಿಲ್ಲವೆಂದು ಹಾಲ್ ಟಿಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಿತ್ತು. ಕಳೆದುಹೋಗಬಾರದೆಂದು ಆ ಹಾಲ್ ಟಿಕೆಟ್ಟನ್ನು ನಾನು ನನ್ನ ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಎಂಟೂ ಕಾಲಾದರೂ ಬಸ್ಸು ಬರಲಿಲ್ಲ. ಆಟೋ ಇರಲಿಲ್ಲ. ಬಿರಬಿರನೆ ನಡೆದರೆ ಹೇಗೆಂದು ನಾನು ಸೂಚಿಸಿದೆ.

"ನಡೆದು ಹೋಗಿ ನಡುಗೋ ಬೆರಳಲ್ಲಿ ಏನ್ರೀ ಟೈಪ್ ಮಾಡ್ಲಿ? ಸೈಕಲ್ ತೆಗೀರಿ" ಎಂದಳು.

"ಅದು ಡಬಲ್ಸ್ ಆಗುತ್ತೆ."

"ಆಗ್ಲಿ. ಟೋಲ್‌ಗೇಟ್ ಹತ್ರ ಇಳೀತೀನಿ, ದಾಟಿದ ಮೇಲೆ ಹತ್ತುತೀನಿ. ಊರೆಲ್ಲಾ ಮಾಡಲ್ವಾ?"

ಊರೆಲ್ಲ ಮಾಡುತ್ತದೆಂಬುದು ವಾದವಲ್ಲ. ಆದರೆ ಗಡಿಯಾರ ವಾದವಾಗಿತ್ತು. ನಾನು ಸೈಕಲ್ ತೆಗೆದೆ. ಸವಾರಿಯಲ್ಲಿ ಮಾತಾಡಿದರೆ ಗಮನ ಚದುರುತ್ತದೆ, ಆದ್ದರಿಂದ ಅವಳು ಸುಮ್ಮನೆ ಕೂರಬೇಕೆಂದು ಮಾತ್ರ ವಿಧಿಸಿದೆ.

ಮಾಗಡಿ ರಸ್ತೆಯ ಟೋಲ್‌ಗೇಟ್ ಸರ್ಕಲ್ಲಿಗೆ ಮೊದಲೇ ಅವಳು ಇಳಿದಳು. ನಾನು ಕೈ ಚಾಚಿ, ಎಡ ಬಲ ನೋಡಿ, ಅಲ್ಲಿದ್ದ ಕಾನ್‌ಸ್ಟೇಬಲಿಗೆ ಎಂದಿನಂತೆ ತಲೆಬಾಗಿಸಿ ದಾಟಿದೆ. ಅವರು ನನ್ನನ್ನು ದಿನವೂ ನೋಡುತ್ತಿದ್ದವರು. ಆಚೆ ಬದಿಯಲ್ಲಿ ನಿಧಾನಿಸಿದೆ. ಹಿಂದೆ ದಡಕ್ಕೆಂದಿತು, ಕ್ಯಾರಿಯರು ಅದುರಿತು. ಹತ್ತಿದಳೆಂದು ತಿಳಿದು ಪೆಡಲ್ ಒತ್ತಿದೆ. ಅಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಹಳ್ಳವಿತ್ತು. ದಿನವೂ ಕಾಣುತ್ತಿದ್ದ ಆ ಹಳ್ಳ ಅಂದು ನನಗೆ ಜ್ಞಾಪಕಕ್ಕೆ ಬರಲಿಲ್ಲ.

ಹಿಂದಿನಿಂದ ಸೀಟಿ ಕೇಳಿಸಿತು. ಮತ್ತೆ ಮತ್ತೆ ಕೇಳಿಸಿತು. ಯಾರೋ ತಪ್ಪು ಮಾಡಿದವರಿಗಿರಬೇಕೆಂದು ಮುಂದುವರಿದೆ. ತಿರುಗಿ ನೋಡಕೂಡದಷ್ಟೆ.

ದಾರಿಯುದ್ದಕ್ಕೂ ಅವಳಿಗೆ ಧೈರ್ಯ ಹೇಳಿದೆ. ಮೌನದ ನಿಯಮ ಹಿಂದೆ ಕೂತವರಿಗೆ ಮಾತ್ರ ಎಂದು ಭಾವಿಸಿದ್ದೆ. ಅವಸರ ಮಾಡಬೇಡ, ಮೊದಲು ಕಾಗದದ ಅಂಚು ನೋಡಿಕೋ ಎಂದೆ. ಡಬಲ್ಸ್ ಕುರಿತು ನನ್ನ ನಿಲುವು ಬದಲಾಗಿಲ್ಲವೆಂದೂ ಸ್ಪಷ್ಟಪಡಿಸಿದೆ. ಅವಳು ಎದುರಾಡಲಿಲ್ಲ. ನಮ್ಮ ಸಂಸಾರದಲ್ಲಿ ಇದು ಅಪರೂಪ, ಆದರೆ ಪರೀಕ್ಷೆಯ ಆತಂಕವಿರಬಹುದೆಂದುಕೊಂಡೆ.

ಕೇಂದ್ರದ ಗೇಟಿನ ಬಳಿ ಎಡಗೈ ಸೂಚನೆ ಕೊಟ್ಟು ನಿಂತು, "ಹುಷಾರಾಗಿ ಇಳಿ" ಎಂದೆ.

ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನೂ ಕ್ಯಾರಿಯರನ್ನೂ ನೋಡಿದ. "ಯಾರ್ಗೆ ಹೇಳ್ತಾ ಇದೀರಾ ಸಾರ್?"

ಆಗ ತಿರುಗಿ ನೋಡಿದೆ.

"ನನ್ನ ಮನೆಯವರು ಇದ್ದರು" ಎಂದೆ.

"ಇಲ್ಲಿಗೆ ಬಂದಾಗ ನೀವೊಬ್ರೇ ಬಂದ್ರಿ. ಮಾತಾಡ್ಕೊಂಡು ಬಂದ್ರಿ" ಎಂದು ಆತ ಮೃದುವಾಗಿ ಹೇಳಿದ. ಆಮೇಲೆ ಒಳಗಿನ ಗಡಿಯಾರ ನೋಡಿ, "ಇನ್ನ ಎಂಟು ನಿಮಿಷ" ಎಂದ.

ನನ್ನ ಎದೆಯ ಮೇಲೆ ಜೇಬಿನಲ್ಲಿ ಹಾಲ್ ಟಿಕೆಟ್ಟಿತ್ತು. ಅದು ಅಷ್ಟು ಭಾರವಾದ ಕಾಗದವೆಂದು ನನಗೆ ತಿಳಿದಿರಲಿಲ್ಲ. ನಾನು ಕೈ ಚಾಚದೆ, ಎಡ ಬಲ ನೋಡದೆ, ಸೈಕಲ್ಲನ್ನು ರಸ್ತೆಗೆ ಅಡ್ಡಲಾಗಿ ತಿರುಗಿಸಿದೆ. ಎದುರಿಗೆ ರಸ್ತೆಯ ತಪ್ಪು ಬದಿಯಲ್ಲಿ, ಬೆಲ್ಲಿಲ್ಲದ ಸೈಕಲ್ಲೊಂದು ನುಗ್ಗಿಬಂತು. ತುಳಿಯುತ್ತಿದ್ದವನು ಹೇರೋಹಳ್ಳಿ ಕಡೆಯಿಂದ ಹೋಟೆಲುಗಳಿಗೆ ಹಾಲು ತರುತ್ತಿದ್ದ ಗೌಡ. ಹಿಂದೆ ಎರಡು ಹಾಲಿನ ಕ್ಯಾನು. ಅವುಗಳ ನಡುವೆ, ಒಂದು ಕೈಯಲ್ಲಿ ಸೆರಗನ್ನೂ ಇನ್ನೊಂದರಲ್ಲಿ ಕ್ಯಾನಿನ ಹಿಡಿಯನ್ನೂ ಹಿಡಿದು, ನನ್ನ ಪತ್ನಿ.

"ಏನ್ ಮೇಷ್ಟ್ರೇ, ರೋಡ್ ನಿಮ್ಮಪ್ಪಂದಾ? ಕೈ ತೋರ್ಸಿ ತಿರುಗ್ಸೋದಲ್ವಾ?" ಎಂದು ಗೌಡ ಕಾಲೂರಿ ನಿಂತ. ಅವನು ಹೇಳಿದ್ದು ಸರಿಯಾಗಿತ್ತು.

ಅವಳು ಇಳಿದು ಕೈ ಮುಂದೆ ಮಾಡಿದಳು. ನಾನು ಹಾಲ್ ಟಿಕೆಟ್ ಕೊಟ್ಟೆ. ಮತ್ತೇನಾದರೂ ಹೇಳಬೇಕೆನಿಸಿ, "ಡಬಲ್ಸ್ ಬಂದೆಯಲ್ಲ, ಪೊಲೀಸಿನವರು ಬಿಟ್ಟರೇ?" ಎಂದೆ.

"ಹತ್ತಿಸಿದ್ದೇ ಅವ್ರು" ಎಂದಳು. "ನಿಮ್ಗೆ ಸೀಟಿ ಊದಿ ಊದಿ ಸಾಕಾಗಿ, 'ಆ ಮೇಷ್ಟ್ರು ನಿಲ್ಲಲ್ಲ ಬಿಡಮ್ಮ' ಅಂತ ಇವರ ಸೈಕಲ್ ತಡೆದು ಕೂರ್ಸಿದ್ರು." ಹಾಗೆಂದು ಗೇಟಿನೊಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಕಾವಲುಗಾರ ಗೇಟು ಎಳೆದ.

ನಾನು ಹೊರಗೆ ಸಂಪಿಗೆ ಮರದ ಕೆಳಗೆ ನಿಂತುಕೊಂಡೆ. ಒಳಗಿನಿಂದ ಹತ್ತಾರು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಅದರಲ್ಲಿ ಅವಳದು ಯಾವುದೆಂದು ಗುರುತಿಸಲು ಯತ್ನಿಸಿದೆ, ಆಗಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳು ನನ್ನ ಸೈಕಲ್ಲನ್ನು ದಾಟಿ ಬಸ್ ಸ್ಟಾಪಿನತ್ತ ನಡೆದಳು.

"ಹತ್ತಲ್ವಾ?" ಎಂದೆ.

"ಬೇಡ. ಬಸ್ಸಲ್ಲಿ ಕಂಡಕ್ಟರ್ ಆದ್ರೂ ತಲೆ ಎಣಿಸ್ತಾನೆ."

ಅವಳು ಪಾಸಾದಳು. ಆ ಕಚೇರಿಯ ಕೆಲಸವೂ ಸಿಕ್ಕಿತು. ಮುಂದಿನ ಜೂನಿನಲ್ಲಿ ನಿಯಮಗಳನ್ನು ಬರೆಸುವಾಗ, ಹಿಂದಕ್ಕೆ ತಿರುಗಿ ನೋಡಕೂಡದು ಎಂಬುದಕ್ಕೆ ಮೊದಲು 'ಸೈಕಲ್ ನಿಲ್ಲಿಸದೆ' ಎಂದು ಸೇರಿಸಿದೆ. ಕಾರಣವನ್ನು ಯಾರೂ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ನಾವು ಸ್ಕೂಟರ್ ಕೊಂಡೆವು. ಅದರಲ್ಲಿ ಇಬ್ಬರು ಕೂರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಯಾರೂ ಎಲ್ಲಿಯೂ ಇಳಿದು ಹತ್ತಬೇಕಾಗಿಲ್ಲ. ಆದರೂ ಇವತ್ತಿಗೂ ಸರ್ಕಲ್ಲೊಂದನ್ನು ದಾಟಿದೊಡನೆ ನಾನು ವೇಗ ತಗ್ಗಿಸುತ್ತೇನೆ. ಹಿಂದಿನಿಂದ ಅವಳು ಹೇಳುತ್ತಾಳೆ: "ಇದೀನಿ, ನಡೀರಿ."