ಅಮ್ಮನ ಕಮಾಂಡೊ ಬೂಟು

ಮೊಬೈಲು ಆಗಷ್ಟೇ ಎಲ್ಲರ ಕಿಸೆಗೂ ಬಂದಿದ್ದ ಕಾಲ. ಕುಂದಾಪುರದ ಬಸ್ ಸ್ಟ್ಯಾಂಡಿನ ಆಚೆ ಮಿಲಿಟರಿ ಸಾಮಾನಿನ ಅಂಗಡಿಯೊಂದು ಶುರುವಾಗಿತ್ತು. ಮಿಲಿಟರಿಗೂ ಅದಕ್ಕೂ ಇದ್ದ ನಂಟು ಹಸಿರು ಬಣ್ಣವೊಂದೇ. ಹಸಿರು ಬ್ಯಾಗು, ಹಸಿರು ಟೊಪ್ಪಿಗಳ ನಡುವೆ ಮಾಲಕ ಮಾತ್ರ ಗಡಿ ಕಾದು ಬಂದವನ ಗತ್ತಿನಲ್ಲಿ ಕೂತಿರುತ್ತಿದ್ದ.

ಅಲ್ಲಿಗೆ ನಾನು ಹೋದದ್ದು ಅಮ್ಮನಿಗೆ ಬೂಟು ತರಲು. ತಲ್ಲೂರಿನ ಹತ್ತಿರ, ಸಮುದ್ರದ ಉಪ್ಪು ನೀರು ಏರಿ ಬರುವ ಹೊಳೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು, ತಿನ್ನುವ ಚಿಪ್ಪು ಹೆಕ್ಕಿ ಮಾರುವುದು ಅವಳ ಕೆಲಸ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅವಳಿಗೆ ಪಾದದಲ್ಲಿ ಸ್ಪರ್ಶವೇ ಇಲ್ಲ, ಗಾಯವಾದರೂ ತಿಳಿಯುವುದಿಲ್ಲ, ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದಿದ್ದರು. ಹೊಳೆಗೆ ಹೋಗಬೇಡ ಎಂದರೆ ಅವಳು ಕೇಳುವವಳಲ್ಲ. ಚಿಪ್ಪಿನ ಅಂಚು ಬ್ಲೇಡಿಗಿಂತ ಕಡಿಮೆಯದಲ್ಲ.

ಬೂಟಿನ ಡಬ್ಬದ ಮೇಲೆ ಮುಖಕ್ಕೆ ಮಸಿ ಬಳಿದುಕೊಂಡ ಕಮಾಂಡೊ ಒಬ್ಬ ತೊಡೆಮಟ್ಟದ ನೀರಲ್ಲಿ ನಿಂತಿದ್ದ. "ಇದ್ ಹಾಯ್ಕಂಡ್ ಸಮುದ್ರಕ್ಕೇ ಇಳೀಲಿ, ಎಂತ ಆತಿಲ್ಲೆ" ಎಂದ ಮಾಲಕ. ನಂಬಿದೆ. ಇದ್ದದ್ದರಲ್ಲೇ ಸಣ್ಣ ಅಳತೆಯದನ್ನು ತಂದು, ಮುಂದಕ್ಕೆ ಬಟ್ಟೆ ತುರುಕಿ ಅಮ್ಮನಿಗೆ ತೊಡಿಸಿದೆ. ಸೀರೆ ಎತ್ತಿ ಕಟ್ಟಿಕೊಂಡು ಅವಳು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದಾಗ ನನಗೆ ಎದೆಯ ಭಾರವೇ ಇಳಿದಂತಾಯಿತು.

ನಾಲ್ಕನೆಯ ದಿನಕ್ಕೆ ಅಟ್ಟೆ ಬಾಯಿ ಬಿಟ್ಟಿತು. ಇಂಥ ಬೂಟು ತೊಟ್ಟ ಕಮಾಂಡೊ ಯುದ್ಧಕ್ಕಿರಲಿ, ಕೋಟೇಶ್ವರದ ಸಂತೆಗೂ ನಡೆದು ಮುಟ್ಟಲಾರ.

ಅಂಗಡಿಗೆ ಒಯ್ದರೆ ಮಾಲಕ ಎರಡು ಬೆರಳಲ್ಲಿ ಹಿಡಿದು ನೋಡಿದ. "ಹ್ವಾಯ್, ಇದನ್ನ್ ಉಪ್ಪು ನೀರಿಗೆ ಹಾಯ್ಕಿದ್ರಿ ಅಲ್ದಾ?"

"ಸಮುದ್ರಕ್ಕೇ ಇಳೀಲಿ ಅಂದದ್ದ್ ನೀವೇ."

"ಅದ್ ಮಾತಿಗ್ ಹೇಳುದ್. ಉಪ್ಪು ನೀರಿಗೆ ಗ್ಯಾರಂಟಿ ಇಲ್ಲ."

"ನೀರೇ ಮುಟ್ಲಿಲ್ಲ" ಎಂದು ಹಸಿ ಸುಳ್ಳು ಹೇಳಿದೆ. ಅವನು ಬೂಟನ್ನು ಮೂಗಿನ ಹತ್ತಿರ ತಂದು, "ಹಂಗಾರೆ ಚಿಪ್ಪಿನ ವಾಸ್ನೆ ಎಲ್ಲಿಂದ ಬಂತ್?" ಎಂದು ಅಂಗಡಿಯಲ್ಲಿದ್ದವರ ಕಡೆ ತಿರುಗಿ ನಕ್ಕ. ಅವನ ಆ ನಗು ನನಗೆ ಇವತ್ತಿಗೂ ಅಸಹ್ಯ.

ಡಬ್ಬದ ಮೇಲಿನ ನಂಬರಿಗೆ ಫೋನು ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ, ಆಮೇಲೆ ಹಿಂದಿಯಲ್ಲಿ ಒಬ್ಬಳು, ನೀವು ಯಾವ ರೆಜಿಮೆಂಟಿನವರು ಎಂದು ಕೇಳಿದಳು. ಚಿಪ್ಪು ಹೆಕ್ಕುವವರ ರೆಜಿಮೆಂಟು ಎನ್ನಬೇಕಿತ್ತು, ಹೊಳೆಯಲಿಲ್ಲ. ಫೋಟೊ ಕಳಿಸಿ ಎಂದರು, ಕಳಿಸಿದೆ. ಅಟ್ಟೆಯದು ಬೇರೆ ಬೇಕು ಎಂದರು, ಅದನ್ನೂ ಕಳಿಸಿದೆ. ಬೂಟನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಲ್ಲಿ, ಕೆಲಸದಲ್ಲಿ, ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ಬೈದೆ. ತಿಂಗಳಾದ ಮೇಲೆ ಕಾಗದ ಬಂತು: ಉಪ್ಪು ನೀರಿನಿಂದ ಆದ ಹಾನಿಗೆ ಕಂಪೆನಿ ಹೊಣೆಯಲ್ಲ. ಫೋಟೊದಲ್ಲೇ ಉಪ್ಪಿನ ರುಚಿ ಕಂಡ ಮಹಾನುಭಾವರು.

ಆಗಷ್ಟೇ ಹೊಳೆಯಿಂದ ಬಂದ ಅಮ್ಮ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಕಾಗದದಲ್ಲಿದ್ದದ್ದನ್ನು ಹೇಳಿದೆ.

"ಉಪ್ಪು ನೀರಾ?" ಅವಳಿಗೆ ನಗು ಬಂತು. "ಬೂಟ್ ಹಾಯ್ಕಂಡ್ ಹೊಳಿಗಿಳುದಾ ಮಗಾ? ನಮ್ಗ್ ಅನ್ನ ಕೊಡುವ ಹೊಳಿ ಅದ್. ದಡದಲ್ಲೇ ಬಿಚ್ಚಿ ಇಡ್ತಿದ್ದೆ. ವಾಪಾಸ್ ಬಪ್ಪತ್ತಿಗೆ ಕಾಲ್ ಒದ್ದೆ ಅಲ್ದಾ, ಬುಟ್ಟಿಲಿ ಚಿಪ್ಪಿನ್ ಮೇಲೆ ಇಟ್ಕಂಡ್ ಬತ್ತಿದ್ದೆ."

ಹೊಳೆ ಮುಟ್ಟುವ ಮೊದಲು ಚಪ್ಪಲಿ ಬಿಚ್ಚುವುದು, ನೀರನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಯ ಎಲ್ಲರ ರೂಢಿ. ನಾನೂ ಹಾಗೇ ಬೆಳೆದವನು. ಬೂಟು ತರುವಾಗ ಅದು ನೆನಪಾಗಲೇ ಇಲ್ಲ. ನಾನು ಹೇಳಿದ ಸುಳ್ಳೇ ನಿಜವಾಗಿತ್ತು! ಆ ದರಿದ್ರ ಬೂಟು ಬರೀ ಒಣ ದಾರಿಯಲ್ಲಿ ನಾಲ್ಕು ದಿನ ನಡೆದು ಸತ್ತಿತ್ತು. ಈಗಲೇ ಹೋಗಿ ಆ ಮಾಲಕನ ಮುಖಕ್ಕೆ ಹೇಳಿ ಬರುತ್ತೇನೆಂದು ಎದ್ದೆ.

ಆಗ ಅಮ್ಮ ಕಾಲಿಗೆ ನೀರು ಹೊಯ್ದುಕೊಂಡಳು. ಕೆಸರು ಇಳಿದು ಹೋಯಿತು. ಬಲಗಾಲಿನ ಹಿಮ್ಮಡಿಯ ಹತ್ತಿರ ಅಂಗಾಲು ಉದ್ದಕ್ಕೆ ಸೀಳಿತ್ತು, ಅಂಚು ಬೆಳ್ಳಗಾಗಿತ್ತು, ಒಳಗೆ ಚಿಪ್ಪಿನ ಚೂರೊಂದು ಕೂತಿತ್ತು. ಇವತ್ತಿನ ಗಾಯವಲ್ಲ ಅದು.

"ಎಂತ ಕಾಂತಿದ್ದೆ? ನೋವೇ ಇಲ್ಲ" ಎಂದಳು ಅಮ್ಮ, ನನ್ನ ನೋಟ ಕಂಡು.

ಒಂದು ತಿಂಗಳು ಆ ಬೂಟಿನ ಅಟ್ಟೆಯನ್ನು ಊರಿಗೆಲ್ಲ ಎತ್ತಿ ತೋರಿಸಿದವನು, ಅಮ್ಮನ ಅಂಗಾಲನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲ.