ಶ್ರೀಖಂಡದ ಡಬ್ಬಿಯಲ್ಲಿ ಬಾಣಂತನ

ಪುಣೆಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಗಚ್ಚಿಗೆ ಹೋದೆ. ನಮ್ಮ ಕಟ್ಟಡದ ಹೆಂಗಸರೆಲ್ಲ ಅಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ನಡುವೆ ಹಸಿ ಬಟಾಣಿ ಕಾಯಿಯ ದೊಡ್ಡ ಗುಡ್ಡೆ. ಎಲ್ಲರೂ ಪಟಪಟನೆ ಸುಲಿಯುತ್ತಿದ್ದರು, ಬಾಯಿಯೂ ಅಷ್ಟೇ ಜೋರಾಗಿ ನಡೆದಿತ್ತು. ನಮ್ಮ ಜಮಖಂಡಿಯಲ್ಲಿ ಇಷ್ಟು ಕಾಯಿ ಸುಲಿಯುವುದು ಮದುವೆ ಮನೆಯಲ್ಲಿ ಮಾತ್ರ. ಹರಕುಮುರುಕು ಹಿಂದಿಯಲ್ಲಿ, ಮದುವೆ ಯಾರ ಮನೆಯದು ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ನಮ್ಮ ಎದುರು ಮನೆಯ ಶಾಂತಾ ಕಾಕು ಕಣ್ಣೊರೆಸಿಕೊಳ್ಳುತ್ತ, "ಲಗ್ನ ನಾಹೀ ಗ, ಫ್ರೀಜರ!" ಅಂದರು. ಮದುವೆಯಲ್ಲವೇ ಹುಡುಗಿ, ಇದು ಫ್ರೀಜರಿಗೆ ಎಂದು ಅರ್ಥ. ಇಡೀ ವರ್ಷಕ್ಕಾಗುವಷ್ಟು ಬಟಾಣಿಯನ್ನು ಚಳಿಗಾಲದಲ್ಲಿಯೇ ಸುಲಿದು ಬರ್ಫದಲ್ಲಿ ಇಟ್ಟುಬಿಡುತ್ತಾರಂತೆ. ಮನೆಯಲ್ಲಿ ಇರುವುದು ಇಬ್ಬರೋ ಮೂವರೋ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯಲ್ಲಿ ಆಗ ಫ್ರಿಜ್ಜೇ ಇರಲಿಲ್ಲ. ನಮ್ಮ ಊರಿನಲ್ಲಿ ಕೂಡಿಡುವುದು ಗೊತ್ತಿಲ್ಲವೆಂದಲ್ಲ. ಕಟಕ ರೊಟ್ಟಿ ತಿಂಗಳುಗಟ್ಟಲೆ ಬುಟ್ಟಿಯಲ್ಲಿರುತ್ತದೆ, ಶೇಂಗಾ ಚಟ್ನಿ ಇರುತ್ತದೆ, ಹಪ್ಪಳ ಸಂಡಿಗೆ ಇರುತ್ತವೆ. ಆದರೆ ಒಣಗಿದ್ದಕ್ಕೆ ಒಂದು ನ್ಯಾಯ, ಹಸಿಯಿದ್ದುದಕ್ಕೆ ಇನ್ನೊಂದು. ಸಾರು, ಪಲ್ಯ, ಅನ್ನ ಅಂದೇ ಮುಗಿಯಬೇಕು. ಉಳಿದರೆ ಅದು ತಂಗಳು, ಆಕಳಿಗೆ ಹೋಗಬೇಕು. ಇಲ್ಲಿ ಪುಣೆಯ ಧನಕವಡಿಯ ಮೂರನೆಯ ಮಹಡಿಯಲ್ಲಿ ಆಕಳನ್ನು ಎಲ್ಲಿಂದ ತರುವುದು?

ನನ್ನ ಕಷ್ಟವೆಂದರೆ ನನ್ನ ಕೈಗೆ ತುಂಬಿದ ಮನೆಯ ಅಳತೆ ಬಿಟ್ಟು ಬೇರೆ ಗೊತ್ತಿರಲಿಲ್ಲ. ನಾವಿದ್ದದ್ದು ಗಂಡ ಹೆಂಡತಿ ಇಬ್ಬರೇ. ಇವರಿಗೆ ಕುರಕುಂಭದ ಕೆಮಿಕಲ್ ಕಾರಖಾನೆಯಲ್ಲಿ ಕೆಲಸ, ಪಾಳಿ ಬದಲಾದಂತೆ ಊಟದ ಹೊತ್ತೂ ಬದಲು. ನಾನು ಸ್ವಾರಗೇಟದ ಬಳಿ ಒಬ್ಬ ಬಟ್ಟೆ ವ್ಯಾಪಾರಿಯ ಆಫೀಸಿನಲ್ಲಿ ಕಾರಕೂನಳಾಗಿದ್ದೆ. ಬೆಳಿಗ್ಗೆ ಮಾಡಿದ ಹುಳಿಯನ್ನು ಮಧ್ಯಾಹ್ನ ತಿಂದು, ರಾತ್ರಿ ತಿಂದು, ಮರುದಿನ ಮೂಸಿ ನೋಡಿ ಚೆಲ್ಲುತ್ತಿದ್ದೆ. ಚೆಲ್ಲುವಾಗ ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ ಅನಿಸುತ್ತಿತ್ತು. ಅವ್ವ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದಳು.

ಶಾಂತಾ ಕಾಕು ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ನೆಟ್ಟಗೆ ಮಾತು, ನೆಟ್ಟಗೆ ಬೆನ್ನು. ಪಾಳಿಯ ಕೆಲಸದಲ್ಲಿ ದಿನಾ ಅಡಿಗೆ ಸಾಗುವುದಿಲ್ಲವೆಂದು ಭಾನುವಾರವೇ ವಾರದ ಅಡಿಗೆ ಮಾಡಿ ಫ್ರೀಜರಿಗೆ ಹಾಕುವುದನ್ನು ರೂಢಿಸಿಕೊಂಡಿದ್ದರು. ಈಗ ಮನೆಯಲ್ಲಿ ಅವರು ಮತ್ತು ಅವರ ಗಂಡ, ಕಾಕಾ, ಇಬ್ಬರೇ ಆದರೂ ರೂಢಿ ಬಿಟ್ಟಿರಲಿಲ್ಲ. ನಾವು ಒಂದು ಹಳೆಯ ಫ್ರಿಜ್ ಕೊಂಡ ದಿನವೇ ಅವರು ಖಾಲಿ ಶ್ರೀಖಂಡದ ಡಬ್ಬಿಗಳ ರಾಶಿ ಹಿಡಿದು ಬಂದರು. ಪುಣೆಯಲ್ಲಿ ಶ್ರೀಖಂಡ ತಿಂದವರು ಡಬ್ಬಿಯನ್ನು ಎಸೆಯುವುದಿಲ್ಲ, ಅದೊಂದು ಆಸ್ತಿ. ಒಂದು ಡಬ್ಬಿಯಲ್ಲಿ ಒಂದು ಹೊತ್ತಿನದು ಮಾತ್ರ ಹಾಕು, ಪೂರ್ತಿ ಆರಿದ ಮೇಲೆ ಮುಚ್ಚು, ಆಲೂಗಡ್ಡೆ ಇದ್ದದ್ದು ಬೇಡ, ಒಮ್ಮೆ ಕರಗಿಸಿದ್ದನ್ನು ಮತ್ತೆ ಬರ್ಫಕ್ಕೆ ಹಾಕಬೇಡ, ಪುಣೆಯಲ್ಲಿ ಗುರುವಾರ ಕರೆಂಟು ತೆಗೆಯುತ್ತಾರೆ, ಆಗ ಬಾಗಿಲು ತೆರೆಯಲೇಬೇಡ. ಹೀಗೆ ಅವರ ಪಾಠ. ನಾನೋ ಜಾಣೆ. ಮೊದಲ ಸಲವೇ ಸಾರನ್ನು ಡಬ್ಬಿಯ ಕಂಠದವರೆಗೆ ತುಂಬಿದೆ. ಅದು ಹೆಪ್ಪುಗಟ್ಟಿ ಉಬ್ಬಿ, ಮುಚ್ಚಳ ಹಾರಿ, ಫ್ರೀಜರಿನ ಗೋಡೆಗೆ ಅಂಟಿಕೊಂಡಿತು. ಕಾಕು ಬಿಸಿನೀರಿನ ಪಾತ್ರೆ ಒಳಗಿಟ್ಟು ಅದನ್ನು ಬಿಡಿಸಿಕೊಟ್ಟರು, ಜೊತೆಗೆ ಮನಸಾರೆ ಬೈದರು.

ಬೈಗುಳದಲ್ಲಿಯೇ ನಾನು ಮರಾಠಿ ಕಲಿತದ್ದು. ಭಾನುವಾರ ಎರಡೂ ಮನೆಯ ಬಾಗಿಲು ತೆರೆದಿಟ್ಟು, ಇಬ್ಬರೂ ಅಡಿಗೆ ಮಾಡುತ್ತ ಅತ್ತಿಂದಿತ್ತ ಕೂಗಾಡುತ್ತಿದ್ದೆವು. ಅವರ ಆಮಟಿ, ಅಂದರೆ ಬೆಲ್ಲ ಹಾಕಿದ ಬೇಳೆ ಸಾರು, ನನಗೆ ಪಾಯಸದಂತೆ ಕಾಣುತ್ತಿತ್ತು. ನನ್ನ ಸಾರು ಅವರಿಗೆ ಬೆಂಕಿ. ಆದರೂ ಬುಧವಾರ ಸಂಜೆ ಆಫೀಸಿನಿಂದ ಬಂದು ಡಬ್ಬಿ ತೆಗೆದು ಒಲೆಯ ಮೇಲಿಟ್ಟರೆ, ಆ ಘಮಕ್ಕೆ ಮನೆಯಲ್ಲಿ ಯಾರೋ ನನಗಾಗಿ ಕಾಯುತ್ತಿದ್ದಂತೆ ಅನಿಸುತ್ತಿತ್ತು. ಪರವೂರಿನಲ್ಲಿ ಅದು ಸಣ್ಣ ಸಮಾಧಾನವಲ್ಲ.

ಎರಡು ವರ್ಷದ ಮೇಲೆ ನಾನು ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಆದರೆ ತವರಿನಲ್ಲಿ ಮಾಡುವವರು ಯಾರು? ಅವ್ವ ಇಲ್ಲ. ಅಕ್ಕಂದಿರು ಮಕ್ಕಳು ಮರಿ ಕಟ್ಟಿಕೊಂಡು ದೂರದ ಊರುಗಳಲ್ಲಿದ್ದರು. ಅತ್ತಿಗೆಗೂ ಅದೇ ತಿಂಗಳು ಹೆರಿಗೆ, ಅವಳು ತನ್ನ ತವರಿಗೆ ಹೋಗುವವಳು. ನನ್ನ ಅತ್ತೆಯವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣ ಕಾಕುವಿನ ಮನೆಗೆ ಫೋನು ಮಾಡಿದ.

"ನೀ ಬಾರವಾ. ಅಡಗಿ ಮಾಡಾಕಿನ್ನ ಇಟ್ಟು ಬಾಣಂತನ ಮಾಡಸ್ತೀನಿ."

"ಬ್ಯಾಡಣ್ಣ. ಖಾಲಿ ಮನ್ಯಾಗ ಪಗಾರದಾಕಿ ಕೈಯಾಗ ನಾ ಉಣ್ಣಂಗಿಲ್ಲ."

"ಮತ್ತ ಅಲ್ಲಿ ಯಾರ ಅದಾರ ನಿನಗ?"

"ನಾನ ಅದೀನಲ್ಲ," ಅಂದು ಫೋನು ಇಟ್ಟೆ.

ಹೇಳುವುದೇನೋ ಹೇಳಿಬಿಟ್ಟೆ. ಆಮೇಲೆ ಕೂತು ಯೋಚಿಸಿದೆ. ಇವರಿಗೆ ಚಹಾ ಬಿಟ್ಟು ಬೇರೇನೂ ಮಾಡಲು ಬಾರದು. ಹಸಿ ಮೈಯಲ್ಲಿ ನಾನು ಎದ್ದು ಒಲೆಯ ಮುಂದೆ ನಿಲ್ಲಬೇಕೇ? ಹಾಗಾದರೆ ನನ್ನ ಬಾಣಂತನದ ಅಡಿಗೆಯನ್ನು ನಾನೇ ಮುಂಚಿತವಾಗಿ ಮಾಡಿಟ್ಟರೆ? ಚೆನ್ನಾಗಿ ಕುದಿಸಿ ತಿಂದರೆ ತೊಂದರೆಯಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಅಷ್ಟು ಸಾಕಾಯಿತು.

ದಿನ ತುಂಬುತ್ತಿದ್ದ ಹೊಟ್ಟೆ ಹೊತ್ತುಕೊಂಡೇ ಅಡಿಗೆಗೆ ನಿಂತೆ. ಬೆಳ್ಳುಳ್ಳಿ ಒಗ್ಗರಣೆಯ ಮೆಣಸಿನ ಸಾರು, ಹೆಸರುಬೇಳೆ ತೊವ್ವೆ, ಸಬ್ಬಸಗಿ ಪಲ್ಯ. ಅವ್ವ ಅಕ್ಕಂದಿರ ಬಾಣಂತನದಲ್ಲಿ ಮಾಡುತ್ತಿದ್ದುದನ್ನು ನೆನಪು ಮಾಡಿಕೊಂಡು ಮಾಡಿದೆ. ಅಂಟಿನುಂಡಿಗೆ ಫ್ರೀಜರಿನ ಹಂಗಿಲ್ಲ, ಅದನ್ನು ಸ್ಟೀಲಿನ ಡಬ್ಬಿಗೆ ತುಂಬಿದೆ. ಇವರಿಗೆ ಡಬ್ಬಿ ಬಿಸಿ ಮಾಡುವ ತಾಲೀಮನ್ನೂ ಕೊಟ್ಟೆ. ಮೊದಲ ದಿನ ಹೆಪ್ಪುಗಟ್ಟಿದ ಸಾರನ್ನು ನೀರಿಲ್ಲದೆ ಬಾಣಲೆಗೆ ಇಳಿಸಿದರು. ಅದು ತಳದಲ್ಲಿ ಹೊತ್ತಿ, ಒಳಗೆ ಬರ್ಫವಾಗಿಯೇ ಉಳಿಯಿತು. "ಇದೇನ ಸಾರೋ, ಇಟ್ಟಂಗಿಯೋ?" ಎಂದು ಸೌಟಿನಿಂದ ಬಡಿದು ನೋಡಿದರು. ನಗು ಬಂತು, ಹಿಂದೆಯೇ ಅಳುವೂ ಬಂತು.

ನಮ್ಮ ಫ್ರೀಜರಿನಲ್ಲಿ ಜಾಗ ಸಾಲದೆ ಉಳಿದ ಡಬ್ಬಿಗಳನ್ನು ಕಾಕುವಿನ ಎರಡು ಬಾಗಿಲಿನ ಫ್ರಿಜ್ಜಿಗೆ ಒಯ್ದೆ. ನಾನು ಊರಿಗೆ ಹೋದ ಮೇಲೆ ಗಂಡನಿಗೆ ಬೇಕೆಂದು ಮಾಡಿಟ್ಟಿದ್ದೇನೆ ಎಂದೇ ಅವರು ತಿಳಿದಿದ್ದರು. "ಹೆರಿಗೆಗೆ ಯಾವಾಗ ಹೊರಡುತ್ತೀ?" ಎಂದು ಕೇಳಿದರು. ಹೋಗುವುದಿಲ್ಲ, ಇದು ನನಗೇ, ಅಂದೆ.

ಅವರ ಮುಖ ಕೆಂಪೇರಿತು. "ಬಾಳಂತಿಣೀಲಾ ಶಿಳಂ?" ಬಾಣಂತಿಗೆ ತಂಗಳೇ? ವರ್ಷದ ಬಟಾಣಿಯನ್ನು ಬರ್ಫಕ್ಕೆ ಹಾಕುವ ಹೆಂಗಸು, ನನಗೆ ಫ್ರೀಜರಿನ ವಿದ್ಯೆಯನ್ನೆಲ್ಲ ಕಲಿಸಿದ ಹೆಂಗಸು, ನನ್ನ ಡಬ್ಬಿ ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. ಬಾಣಂತಿಗೆ ಪ್ರತಿ ಹೊತ್ತೂ ಒಲೆಯಿಂದಿಳಿದ ಅನ್ನವೇ ಬೇಕು, ಕೂಸಿಗೆ ಥಂಡಿ ಆದರೆ ಏನು ಗತಿ, ನಿನಗೇನು ತಲೆ ಕೆಟ್ಟಿದೆಯೇ ಎಂದು ಒಂದೇ ಉಸಿರಿನಲ್ಲಿ ಅಂದರು. ನನಗೂ ರೇಗಿತು. "ಮಗ ಕೋಣ ಕರಣಾರ?" ಅಂದೆ. ಹಾಗಾದರೆ ಮಾಡುವವರು ಯಾರು?

ಅವರು ಡಬ್ಬಿಗಳನ್ನು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದರು. ಆ ಭಾನುವಾರ ಅವರ ಮನೆಯ ಬಾಗಿಲು ತೆರೆಯಲಿಲ್ಲ. ಈ ಊರಿನಲ್ಲಿ ನನ್ನವರೆಂದು ಇದ್ದ ಒಬ್ಬರನ್ನೂ ಕಳೆದುಕೊಂಡೆ ಅನಿಸಿತು. ಹೆರಿಗೆಗಿಂತ ಅದರ ಭಯವೇ ಹೆಚ್ಚಾಯಿತು.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವರು ನನ್ನನ್ನು ಮಲಗಿಸಿ, ತಾಲೀಮು ನೆನಪು ಮಾಡಿಕೊಳ್ಳುತ್ತ ಫ್ರೀಜರಿನ ಬಾಗಿಲು ತೆಗೆದರು. ಅದು ಖಾಲಿಯಾಗಿತ್ತು. ನಮ್ಮ ಮನೆಯ ಇನ್ನೊಂದು ಕೀಲಿ ಕಾಕುವಿನ ಬಳಿ ಇತ್ತು. ಇವರು ಗಾಬರಿಯಿಂದ ತಿರುಗುವಷ್ಟರಲ್ಲಿ ಕಾಕು ತಾಟು ಹಿಡಿದು ಒಳಗೆ ಬಂದರು. ಹೊಗೆಯಾಡುವ ಮೆತ್ತನೆಯ ಅನ್ನ, ತುಪ್ಪ, ಸಬ್ಬಸಗಿ ಪಲ್ಯ, ಒಂದು ಬಟ್ಟಲು ಅಳವಿ ಬೀಜದ ಖೀರು. ಹಾಸಿಗೆಯ ಅಂಚಿನಲ್ಲಿ ಕೂತು, "ಊನ ಊನ ಖಾ," ಅಂದರು. ಬಿಸಿಬಿಸಿಯಾಗಿ ತಿನ್ನು.

"ನನ್ನ ಡಬ್ಬಿಗಳು?" ಎಂದೆ.

ನಿನಗೊಂದು ನಮಗೊಂದು ಎಂದು ಎರಡು ಬಗೆಯ ಅಡಿಗೆ ಮಾಡಲು ತಾನು ಖಾನಾವಳಿ ಇಟ್ಟಿಲ್ಲ ಎಂದರು ಕಾಕು. ನಿನಗೆ ಹೊತ್ತು ಹೊತ್ತಿಗೆ ಹೊಸದಾಗಿ ಬೇಯಿಸುತ್ತೇನೆ, ನೀನು ಮಾಡಿಟ್ಟದ್ದನ್ನು ನಾವು ಮುದುಕರೂ ನಿನ್ನ ಗಂಡನೂ ತಿಂದು ಮುಗಿಸುತ್ತೇವೆ. ಅದೇ ಒಪ್ಪಂದ, ವಾದ ಬೇಡ.

ಹಾಗೆಯೇ ನಡೆಯಿತು. ನಾನು ಅವರ ಒಲೆಯ ಬಿಸಿ ಅನ್ನ ಉಂಡೆ, ಅವರು ನನ್ನ ಬಾಣಂತನದ ಸಾರು ಉಂಡರು. ಕಾಕಾ ಬಾಗಿಲಲ್ಲಿ ನಿಂತು ಹೊಟ್ಟೆ ಸವರಿಕೊಳ್ಳುತ್ತ, ಮೆಣಸು ಬೆಳ್ಳುಳ್ಳಿ ತಿಂದು ತಿಂದು, "ಆತಾ ಮಾಝಂ ಬಾಳಂತಪಣ ಚಾಲೂ ಆಹೇ," ಈಗ ನಡೆದಿರುವುದು ನನ್ನ ಬಾಣಂತನ ಎಂದು ನಗಿಸುತ್ತಿದ್ದರು. ನಮ್ಮ ಕಡೆ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ, ಕಾಕು ಚೊಂಬುಗಟ್ಟಲೆ ಕುಡಿಸಿದರು. ನಮ್ಮ ಕಡೆ ಖೀರಿಗೆ ಬೆಲ್ಲ ಹಿತಮಿತ, ಕಾಕುವಿನ ಖೀರಿಗೆ ಲೆಕ್ಕವೇ ಇಲ್ಲ. ನಾನು ತಕರಾರು ಮಾಡದೆ ಎಲ್ಲ ತಿಂದೆ. ಒಂದು ದಿನ ತುತ್ತು ಬಾಯಿಗಿಡುವಾಗ ಅವ್ವನ ನೆನಪಾಗಿ ಅತ್ತುಬಿಟ್ಟೆ. ಕಾಕು ಸೆರಗಿನಿಂದ ನನ್ನ ಮುಖ ಒರೆಸಿ, ಇನ್ನೊಂದು ಚಮಚ ತುಪ್ಪ ಹಾಕಿದರು.

ನಾಗರಪಂಚಮಿಗೆ ಅಣ್ಣ ಕರೆಯಲು ಬಂದ. ಅಕ್ಕ ತಂಗಿಯರನ್ನು ತವರಿಗೆ ಕರೆದೊಯ್ಯುವ ಹಬ್ಬವದು. ಜಮಖಂಡಿಯಲ್ಲಿ ಅತ್ತಿಗೆ ತನ್ನ ಕೂಸಿನೊಡನೆ ಬಂದಿದ್ದಳು, ಮನೆ ತುಂಬಿತ್ತು. ಅಣ್ಣ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದ. ಪಕ್ಕದ ಮನೆಯ ಗಂಗವ್ವ ಕೂಸನ್ನು ಎತ್ತಿಕೊಂಡಳು.

"ಛಲೋ ದುಂಡಗ ಅದ ಕೂಸು. ಬಾಣಂತನ ಎಲ್ಲಾತವಾ?"

"ತವರಮನ್ಯಾಗ ಆತ್ರಿ," ಅಂದೆ. ಯೋಚಿಸಿ ಆಡಿದ ಮಾತಲ್ಲ ಅದು.

"ತವರಮನ್ಯಾಗ? ನಾ ಬಾಜೂಕ ಇರಾಕಿ, ನನಗ ಗೊತ್ತ ಇಲ್ಲಲ್ಲವಾ!"

"ಇಲ್ಲಿ ಅಲ್ರಿ. ಪುಣೇದಾಗ."

ಹಗ್ಗದ ಗಂಟು ಬಿಗಿಯುತ್ತಿದ್ದ ಅಣ್ಣನ ಕೈ ನಿಂತಿತು. ಅವನ ಮುಖ ಸಣ್ಣದಾಗಿತ್ತು. ಆಡಿದ್ದನ್ನು ನುಂಗಿಕೊಳ್ಳೋಣವೆಂದರೆ ಅದು ಸುಳ್ಳಾಗಿರಲಿಲ್ಲ. ಅವನನ್ನು ನೋಯಿಸಬೇಕೆಂದು ಆಡಿದ್ದೂ ಅಲ್ಲ. ಅವನು ಗಂಟು ಬಿಗಿದು, ಒಮ್ಮೆ ಜಗ್ಗಿ ನೋಡಿ, "ಕೂಡ್ರವಾ, ಗಟ್ಟಿ ಅದ," ಅಂದ. ಹೊರಡುವ ದಿನ ಬಸ್ಸಿನ ಕಿಟಕಿಯಲ್ಲಿ ನನ್ನ ಕೈ ಹಿಡಿದು, "ಬರೂ ಪಂಚಮಿಗೆ ಆ ಕಾಕೂನ್ನೂ ಕರಕೊಂಡ ಬಾ. ಅವರ ಕಾಲಿಗೆ ನಾ ಬೀಳಬೇಕು," ಎಂದ.

ತವರಿನಿಂದ ಹೊರಟ ಹೆಣ್ಣು ಅಳುವುದು ನಮ್ಮ ಕಡೆಯ ವಾಡಿಕೆ. ಮಿರಜ ದಾಟುವವರೆಗೂ ಅತ್ತೆ. ಸ್ವಾರಗೇಟದಲ್ಲಿ ಇಳಿದರೆ ಇವರ ಜೊತೆ ಕಾಕುವೂ ನಿಂತಿದ್ದರು. ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು, ನನ್ನ ಕೆಂಪು ಕಣ್ಣು ನೋಡಿ, "ರಡಲೀಸ ಕಾ ಗ?" ಯಾಕೆ ಅತ್ತೆ ಎಂದು ಕೇಳಿದರು.

"ಮಾಹೇರಾಹೂನ ಆಲೇ ನಾ, ಕಾಕು," ಅಂದೆ. ತವರಿನಿಂದ ಬಂದೆನಲ್ಲ.

ಅದೂ ಸುಳ್ಳಲ್ಲ. ಆದರೂ ಕಾಕುವಿನ ಮುಖ, ಅಣ್ಣನ ಮುಖದಂತೆಯೇ, ಸಣ್ಣದಾಯಿತು.